ಹತ್ತೊಂಬತ್ತು ಅಧ್ಯಾಯ, ಎಪ್ಪತ್ತು ನಿಮಿಷ

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಉಡುಪಿ ಜಿಲ್ಲೆಯ ಮನೆಗಳಲ್ಲಿ ‘ಬರೀ ಪಿಯುಸಿ’ ಎಂಬ ಮಾತು ಕೇಳಿಬರುತ್ತದೆ. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗಳಾದ ಸಿಇಟಿ, ನೀಟ್‌ಗಳ ತರಬೇತಿಯನ್ನೂ ಜೊತೆಗೆ ಕೊಡುವ ಇಂಟಿಗ್ರೇಟೆಡ್ ಕಾಲೇಜಿಗೆ ಸೇರಿಸುವುದೋ, ಊರ ಹತ್ತಿರದ ಕಾಲೇಜಿನಲ್ಲಿ ಬರೀ ಪಿಯುಸಿ ಓದಿಸುವುದೋ ಎಂಬುದು ಚರ್ಚೆ. ಆ ‘ಬರೀ’ ಎಂಬ ಎರಡಕ್ಷರದಲ್ಲಿ ಒಂದು ತೀರ್ಪು ಇದೆ. ಹೆಚ್ಚಿನ ಕೋರ್ಸಿಗೆ ದುಡ್ಡು ಕಟ್ಟಲಾಗದವರು ಓಟ ಶುರುವಾಗುವ ಮೊದಲೇ ಹಿಂದೆ ಬಿದ್ದಿದ್ದಾರೆ ಎಂಬ ತೀರ್ಪು ಅದು. ಕಾಪುವಿನ ಮೀನುಗಾರರ ಮನೆಯ ಹುಡುಗಿ, ಕಾರ್ಕಳದ ಗೇರುಬೀಜ ಕಾರ್ಖಾನೆಗೆ ದುಡಿಯಲು ಹೋಗುವ ತಾಯಿಯ ಮಗ, ಈ ತೀರ್ಪನ್ನು ತಲೆಯಲ್ಲಿ ಹೊತ್ತುಕೊಂಡೇ ಮೊದಲ ಪಿಯುಸಿಯ ಬೆಂಚಿನಲ್ಲಿ ಬಂದು ಕೂರುತ್ತಾರೆ. ಭೌತವಿಜ್ಞಾನ, ಗಣಿತಗಳ ಲೆಕ್ಕಾಚಾರ ಬೇರೆ ಇರಬಹುದು. ರಸಾಯನ ವಿಜ್ಞಾನದ ಮಟ್ಟಿಗೆ ಮಾತ್ರ ಈ ತೀರ್ಪು ತಪ್ಪು. ಪಿಯುಸಿಯ ಪಠ್ಯಪುಸ್ತಕ, ಕಾಲೇಜಿನ ಪ್ರಯೋಗಶಾಲೆ, ಹಳೆಯ ಪ್ರಶ್ನೆಪತ್ರಿಕೆಗಳು, ವಾರಕ್ಕೊಂದು ಕಟ್ಟುನಿಟ್ಟಿನ ಪರೀಕ್ಷೆ ಇಷ್ಟಿದ್ದರೆ ಸಿಇಟಿಯ ರಸಾಯನ ಪತ್ರಿಕೆಗೆ ಬೇರೆ ಕೋರ್ಸ್ ಬೇಕಿಲ್ಲ. ಹೀಗೆ ಹೇಳಲು ಬರೀ ಆಶಾವಾದ ಸಾಲದು. ಆ ಪರೀಕ್ಷೆಯ ಒಳಗಟ್ಟನ್ನೇ ಬಿಚ್ಚಿ ನೋಡಬೇಕು.

ಅದಕ್ಕೂ ಮೊದಲು ಸಿಇಟಿ ಹುಟ್ಟಿದ್ದು ಯಾಕೆ ಎಂಬುದನ್ನು ನೆನಪಿಸಿಕೊಳ್ಳಬೇಕು. ಉಡುಪಿ–ಮಣಿಪಾಲದವರಿಗಂತೂ ಇದು ದೂರದ ಇತಿಹಾಸವಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಕಾಲದಿಂದ ಖಾಸಗಿ ವೃತ್ತಿಶಿಕ್ಷಣ ನಾಡಿನಾದ್ಯಂತ ಬೆಳೆಯಿತು. ಬೆಳೆದಂತೆಲ್ಲ ಸೀಟಿಗೆ ಇಷ್ಟು ಹಣ ಎಂಬ ಪ್ರಶ್ನೆಯೂ ಬೆಳೆಯಿತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಕರ್ನಾಟಕದ ಸೀಟುಗಳ ಕುರಿತೇ ಎದ್ದ ಮೋಹಿನಿ ಜೈನ್ ಪ್ರಕರಣದ ತೀರ್ಪು 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದ ತೀರ್ಪು 1993ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂದವು. ಆ ತೀರ್ಪುಗಳ ಬೆನ್ನಲ್ಲೇ 1994ರಿಂದ ಸಿಇಟಿ ನಡೆಯತೊಡಗಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ. ಇಷ್ಟೆಲ್ಲ ಹಗ್ಗಜಗ್ಗಾಟದ ನಡುವೆ ಸಿಇಟಿ ಹೊತ್ತುಕೊಂಡ ಕೆಲಸ ಒಂದೇ: ಬಾಗಿಲು ತೆರೆಯುವುದು ಹಣವಲ್ಲ, ಓದು ಎಂದು ತೋರಿಸುವುದು. ಆ ಪರೀಕ್ಷೆಗೆ ತಯಾರಾಗಲಿಕ್ಕೇ ಸಾಲ ಮಾಡಬೇಕು ಎಂಬ ನಂಬಿಕೆ ಊರೂರಿನಲ್ಲಿ ನೆಲೆಯೂರಿದರೆ, ಮುಂಬಾಗಿಲಲ್ಲಿ ತಡೆದ ಹಣ ಹಿತ್ತಿಲಿನಿಂದ ಒಳಗೆ ಬಂದಂತಾಯಿತು. ಹಾಗಾಗಿ ಆ ನಂಬಿಕೆ ಎಷ್ಟು ನಿಜ ಎಂದು ತೂಗಿ ನೋಡುವುದು ಒಬ್ಬಿಬ್ಬರು ಮಕ್ಕಳ ಅಂಕಗಳಷ್ಟರ ವಿಷಯವಲ್ಲ.

ಈಗ ಪತ್ರಿಕೆಗೆ ಬರೋಣ. ಸಿಇಟಿಯ ರಸಾಯನ ವಿಜ್ಞಾನದಲ್ಲಿ 60 ಪ್ರಶ್ನೆ, 60 ಅಂಕ. ಒಟ್ಟು ಅವಧಿ 80 ನಿಮಿಷವಾದರೂ ಉತ್ತರಿಸಲು ಸಿಗುವುದು 70 ನಿಮಿಷ. ಪ್ರಶ್ನೆಯೊಂದಕ್ಕೆ 70 ಸೆಕೆಂಡ್. ಕ್ಯಾಲ್ಕುಲೇಟರ್ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ನಾಲ್ಕು ನಿಯಮಗಳೇ ಪತ್ರಿಕೆಯ ಸ್ವಭಾವವನ್ನು ಬಹುಪಾಲು ತೀರ್ಮಾನಿಸುತ್ತವೆ. ಯಂತ್ರದ ನೆರವಿಲ್ಲದೆ ಎಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕಾದ ಲೆಕ್ಕ ಉದ್ದುದ್ದ ಬೆಳೆಯಲು ಸಾಧ್ಯವಿಲ್ಲ; ಪರಿಕಲ್ಪನೆ ಗೊತ್ತಿದ್ದವರಿಗೆ ಸಂಖ್ಯೆಗಳು ತಾವಾಗಿ ಹೊಡೆದುಹೋಗುವ ಹಾಗೆ ಅದನ್ನು ಹೊಸೆಯಬೇಕಾಗುತ್ತದೆ. ಇನ್ನು ಪಠ್ಯದ ವಿಸ್ತಾರ. ಕರ್ನಾಟಕದ ಪಿಯು ವಿಜ್ಞಾನ ವಿಭಾಗ 2012–13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನು ಅನುಸರಿಸುತ್ತಿದೆ. ರಸಾಯನ ವಿಜ್ಞಾನದಲ್ಲಿ ಮೊದಲ ವರ್ಷಕ್ಕೆ 14, ಎರಡನೇ ವರ್ಷಕ್ಕೆ 16, ಒಟ್ಟು 30 ಅಧ್ಯಾಯಗಳಿದ್ದವು. ಪಠ್ಯ ಹಗುರಗೊಳಿಸಿದ ಮೇಲೆ ಘನಸ್ಥಿತಿ, ಮೇಲ್ಮೈ ರಸಾಯನ, ಲೋಹಗಳ ಹೊರತೆಗೆಯುವಿಕೆ, ಪಾಲಿಮರ್, ಹೈಡ್ರೋಜನ್, ಎಸ್‌ ಬ್ಲಾಕ್ ಮುಂತಾದವು ಹೊರಟುಹೋಗಿ 9 ಮತ್ತು 10, ಅಂದರೆ 19 ಅಧ್ಯಾಯಗಳು ಉಳಿದಿವೆ. ಎರಡು ವರ್ಷದ ಅವಧಿಗೆ ಹತ್ತೊಂಬತ್ತು ಅಧ್ಯಾಯ. ತಿಂಗಳಿಗೊಂದು ಎಂದು ಓದಿದರೂ ಕೊನೆಯಲ್ಲಿ ಪುನರಾವರ್ತನೆಗೆ ಸಮಯ ಉಳಿಯುತ್ತದೆ.

ಪುಸ್ತಕದ ಆಚೆಗೆ ಓದದಿದ್ದರೆ ಗತಿ ಏನು ಎಂಬ ಭಯಕ್ಕೆ 2024ರ ಸಿಇಟಿಯೇ ಉತ್ತರ ಕೊಟ್ಟಿದೆ. ಆ ವರ್ಷ ಏಪ್ರಿಲ್ 18 ಮತ್ತು 19ರಂದು ನಡೆದ ಪರೀಕ್ಷೆಯಲ್ಲಿ ಕೈಬಿಟ್ಟ ಪಠ್ಯಭಾಗಗಳಿಂದ ಪ್ರಶ್ನೆಗಳು ಬಂದವು. ವಿದ್ಯಾರ್ಥಿಗಳು, ಪೋಷಕರು, ಉಪನ್ಯಾಸಕರು ದನಿಯೆತ್ತಿದರು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಅವುಗಳಲ್ಲಿ ರಸಾಯನ ವಿಜ್ಞಾನದ್ದು 15. ಆ ದಿನ ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಪಟ್ಟ ಗಾಬರಿ ಸಣ್ಣದಲ್ಲ, ಅದನ್ನು ಹಗುರ ಮಾಡಿ ಹೇಳಬಾರದು. ಆದರೆ ಪ್ರಕರಣ ಮುಗಿದ ರೀತಿಯಿಂದ ಒಂದು ಗಡಿ ಸ್ಪಷ್ಟವಾಯಿತು: ಪಠ್ಯದಾಚೆಗಿನ ಪ್ರಶ್ನೆ ಕೇಳಿದರೂ ಅದಕ್ಕೆ ಲೆಕ್ಕವಿಲ್ಲ. ಹೆಚ್ಚಿನ ಕೋರ್ಸಿನಲ್ಲಿ ಹೆಚ್ಚಿನದನ್ನು ಕಲಿತು ಆ ಹದಿನೈದಕ್ಕೆ ಸರಿ ಉತ್ತರ ಗುರುತಿಸಿದವರಿಗೂ ಅವುಗಳಿಂದ ಒಂದಂಕ ಹೆಚ್ಚು ಸಿಗಲಿಲ್ಲ. ಪುಸ್ತಕ ಪೂರ್ತಿ ತಿಳಿದವರು ಅವುಗಳಿಂದ ಒಂದಂಕ ಕಳೆದುಕೊಳ್ಳಲೂ ಇಲ್ಲ.

ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವ ಬಗೆಯೂ ಇದೇ ಕಡೆಗೆ ವಾಲುತ್ತದೆ. ಮೂರು ವಿಷಯಗಳ ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಪಿಯುಸಿಯ 300 ಅಂಕ 50ಕ್ಕೆ ಇಳಿಯುತ್ತದೆ, ಸಿಇಟಿಯ 180 ಅಂಕವೂ 50ಕ್ಕೆ. ಕೂಡಿ ಕಳೆದು ನೋಡಿದರೆ ಸಿಇಟಿಯ 6 ಪ್ರಶ್ನೆಗಳು ವಾರ್ಷಿಕ ಪರೀಕ್ಷೆಯ 10 ಅಂಕಗಳಿಗೆ ಸಮ. ಅಂದರೆ ಅಲ್ಡಿಹೈಡ್, ಕೀಟೋನ್ ಪಾಠದ ರಾಸಾಯನಿಕ ಕ್ರಿಯೆಗಳನ್ನು ಸಮೀಕರಣ ಸಮೇತ ಚೆನ್ನಾಗಿ ಬರೆಯಲು ಕಲಿತವಳು ಮಾರ್ಚ್‌ನಲ್ಲೂ ಗಳಿಸುತ್ತಾಳೆ, ಏಪ್ರಿಲ್‌ನಲ್ಲೂ ಗಳಿಸುತ್ತಾಳೆ. ಬರೀ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಅಭ್ಯಾಸದಲ್ಲಿ ಎರಡು ವರ್ಷ ಕಳೆದವನಿಗೆ ವಿವರಿಸಿ ಬರೆಯುವಾಗ ಕೈ ತಡವರಿಸಬಹುದು. ಉಡುಪಿ ಜಿಲ್ಲೆಯ ಸಾಮಾನ್ಯ ಕಾಲೇಜುಗಳು ಈ ಅರ್ಧದಲ್ಲಿ ಮೊದಲಿನಿಂದಲೂ ಗಟ್ಟಿ. 2025ರ ದ್ವಿತೀಯ ಪಿಯುಸಿ ಪರೀಕ್ಷೆ–1ರಲ್ಲಿ ರಾಜ್ಯದ ಸರಾಸರಿ ಶೇ 73.45 ಇದ್ದಾಗ ಉಡುಪಿ ಶೇ 93.90 ಪಡೆದು ಮೊದಲ ಸ್ಥಾನದಲ್ಲಿತ್ತು; ಹಿಂದಿನ ವರ್ಷ ಶೇ 96.80ರೊಂದಿಗೆ ಎರಡನೆಯದು. ಉತ್ತೀರ್ಣತೆ ಬೇರೆ, ರ‍್ಯಾಂಕ್ ಬೇರೆ ಎಂದು ಯಾರಾದರೂ ತಕ್ಷಣ ಹೇಳಿಯಾರು, ಸರಿಯೇ. ಆದರೂ ಪಾಠ ನಡೆಯುವ, ಹಾಜರಿ ಇರುವ, ಪಠ್ಯ ಮುಗಿಯುವ ಕಾಲೇಜು ಅಡಿಪಾಯ. ಅದು ಇಲ್ಲಿ ಈಗಾಗಲೇ ಇದೆ.

ಕೋಚಿಂಗ್‌ನವರು ಶಾರ್ಟ್‌ಕಟ್ ಹೇಳಿಕೊಡುತ್ತಾರೆ, ವೇಗ ಬರುವುದು ಅದರಿಂದಲೇ ಎಂಬ ಮಾತನ್ನು ಒಂದು ಲೆಕ್ಕದ ಮೇಲಿಟ್ಟು ನೋಡೋಣ. ಮೊದಲ ದರ್ಜೆಯ ಕ್ರಿಯೆಯೊಂದು 60 ನಿಮಿಷದಲ್ಲಿ ಶೇ 75ರಷ್ಟು ಮುಗಿದರೆ, ಶೇ 93.75ರಷ್ಟು ಮುಗಿಯಲು ಎಷ್ಟು ಹೊತ್ತು ಬೇಕು? ಸೂತ್ರ ಹಿಡಿದು ಹೊರಟವನು ಲಾಗರಿದಮ್‌ನೊಳಗೆ ಇಳಿಯುತ್ತಾನೆ, ಎರಡು ನಿಮಿಷವಾದರೂ ಬೇಕು. ಅರ್ಧಾಯು ಎಂದರೇನೆಂದು ತಿಳಿದವಳು ಹೀಗೆ ಯೋಚಿಸುತ್ತಾಳೆ: ಮುಕ್ಕಾಲು ಮುಗಿದಿದೆ ಎಂದರೆ ಕಾಲು ಉಳಿದಿದೆ, ಅಂದರೆ ಎರಡು ಸಲ ಅರ್ಧವಾಗಿದೆ, ಒಂದು ಅರ್ಧಾಯು 30 ನಿಮಿಷ. ಶೇ 93.75 ಮುಗಿದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು, ಅಂದರೆ ನಾಲ್ಕು ಸಲ ಅರ್ಧ. ಉತ್ತರ 120 ನಿಮಿಷ. ಹದಿನೈದು ಸೆಕೆಂಡಿನ ಕೆಲಸ. ಇದನ್ನು ಶಾರ್ಟ್‌ಕಟ್ ಎಂದು ಕರೆದು ಮಾರಬಹುದು, ಆದರೆ ಇದು ಪಠ್ಯಪುಸ್ತಕದಲ್ಲಿರುವ ವ್ಯಾಖ್ಯಾನವೇ. ವ್ಯಾಖ್ಯಾನವನ್ನು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಂಡಿದ್ದಾಳೆ, ಅಷ್ಟೇ. ರಸಾಯನ ವಿಜ್ಞಾನದಲ್ಲಿ ವೇಗ ಎಂಬುದು ಬಹುಮಟ್ಟಿಗೆ ತಿಳಿವಳಿಕೆಯ ಇನ್ನೊಂದು ಹೆಸರು. ನೇರ ನೆನಪಿನ ಮೂವತ್ತು ಪ್ರಶ್ನೆಗಳನ್ನು ಅರ್ಧರ್ಧ ನಿಮಿಷದಲ್ಲಿ ಮುಗಿಸಿದರೆ ಹದಿನೈದು ನಿಮಿಷ ಖರ್ಚು. ಉಳಿದ ಮೂವತ್ತಕ್ಕೆ ಐವತ್ತೈದು ನಿಮಿಷ ಕೈಯಲ್ಲಿರುತ್ತದೆ.

ಪ್ರಯೋಗಶಾಲೆಯ ಮಾತು ಇನ್ನೂ ಮುಖ್ಯ. ಪ್ರ್ಯಾಕ್ಟಿಕಲ್ ತರಗತಿಯನ್ನು ಅಂಕಕ್ಕಾಗಿ ಮುಗಿಸಿಬಿಡುವ ಶಾಸ್ತ್ರದಂತೆ ಕಾಣುವ ವಿದ್ಯಾರ್ಥಿಗಳೇ ಹೆಚ್ಚು. ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಟೈಟ್ರೇಶನ್ನನ್ನೇ ತೆಗೆದುಕೊಳ್ಳಿ. ಬ್ಯೂರೆಟ್ಟಿನಲ್ಲಿ ಕಡು ನೇರಳೆ ದ್ರಾವಣ, ಕೆಳಗಿನ ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ. ಬೇರೆ ಸೂಚಕ ಯಾಕೆ ಹಾಕುವುದಿಲ್ಲ? ಪರ್ಮಾಂಗನೇಟಿನ ಬಣ್ಣವೇ ಸೂಚಕ. ಫ್ಲಾಸ್ಕನ್ನು ಬಿಸಿ ಮಾಡುವುದೇಕೆ? ಆರಂಭದಲ್ಲಿ ಆ ಕ್ರಿಯೆ ನಿಧಾನ. ವೇಗದ ಪಾಠ ಇಲ್ಲೇ ಬಂತು. ಸಲ್ಫ್ಯೂರಿಕ್ ಆಮ್ಲವನ್ನೇ ಯಾಕೆ ಸೇರಿಸಬೇಕು, ಹೈಡ್ರೋಕ್ಲೋರಿಕ್ ಯಾಕೆ ಬೇಡ? ಪರ್ಮಾಂಗನೇಟ್ ಅದನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡಿಬಿಡುತ್ತದೆ, ಅಳತೆ ತಪ್ಪುತ್ತದೆ. ನೈಟ್ರಿಕ್ ಆಮ್ಲವಾದರೆ ಅದೇ ಒಂದು ಉತ್ಕರ್ಷಕ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುವಾಗ ಐದು ಇಲೆಕ್ಟ್ರಾನ್ ಪಡೆಯುತ್ತದೆ, ಆಕ್ಸಾಲಿಕ್ ಆಮ್ಲದ ಪ್ರತಿ ಅಣು ಎರಡು ಕೊಡುತ್ತದೆ. ಹಾಗಾಗಿ 2 ಮೋಲ್ ಪರ್ಮಾಂಗನೇಟಿಗೆ 5 ಮೋಲ್ ಆಕ್ಸಾಲಿಕ್ ಆಮ್ಲ. ಅದರ ಬದಲು ಫೆರಸ್ ಲವಣವಿದ್ದರೆ ಒಂದಕ್ಕೆ ಐದು. ಒಂದು ಮಧ್ಯಾಹ್ನದ ಒಂದು ಟೈಟ್ರೇಶನ್ನಿನೊಳಗೆ ಮೋಲ್ ಲೆಕ್ಕ, ರೆಡಾಕ್ಸ್, ಡಿ ಬ್ಲಾಕ್, ಕ್ರಿಯೆಯ ವೇಗ ನಾಲ್ಕೂ ಪಾಠಗಳ ಪ್ರಶ್ನೆಗಳು ಕುಳಿತಿವೆ. ಇದನ್ನು ಕೈಯಾರೆ ಮಾಡಿ, ತಿಳಿ ಗುಲಾಬಿ ಬಣ್ಣ ಮೂಡುವ ಆ ಒಂದು ಹನಿಗಾಗಿ ಕಾದವರಿಗೆ ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದು ತಾನಾಗಿ ಕಾಣುತ್ತದೆ.

ಪ್ರಯೋಗಶಾಲೆ ಕಾಲೇಜಿನ ಗೋಡೆಯೊಳಗೇ ಮುಗಿಯುವುದೂ ಇಲ್ಲ. ಕಾರ್ಕಳದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಬೆಳೆಗಾರರಿಗೆ ಬಾಯಿಪಾಠ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ಮೋಲಾರ್ ದ್ರವ್ಯರಾಶಿ ಸುಮಾರು 249.5 ಗ್ರಾಂ, ಹಾಗಾದರೆ ಒಂದು ಕಿಲೋದಲ್ಲಿ ಸುಮಾರು 4 ಮೋಲ್, ನೂರು ಲೀಟರಿನಲ್ಲಿ ಲೀಟರಿಗೆ 0.04 ಮೋಲ್. ಸಿಇಟಿಯ ಮೋಲಾರಿಟಿ ಪ್ರಶ್ನೆ ಇದಕ್ಕಿಂತ ಬೇರೆಯಲ್ಲ. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಬೆಳೆಗಾರರು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ತಾಮ್ರದ ಅಪಕರ್ಷಣ ವಿಭವ +0.34 ವೋಲ್ಟ್, ಕಬ್ಬಿಣದ್ದು –0.44; ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಎರಡರ ವ್ಯತ್ಯಾಸ 0.78 ವೋಲ್ಟ್. ವಿದ್ಯುತ್ ರಸಾಯನ ಪಾಠದ ತಿರುಳನ್ನು ತೋಟದ ಕತ್ತಿ ಹೇಳಿಬಿಟ್ಟಿತು. ಅದೇ ಮೈಲುತುತ್ತನ್ನು ಕಾಯಿಸಿದರೆ ನೀಲಿ ಹೋಗಿ ಬಿಳಿಯಾಗುವುದೇಕೆ ಎಂಬುದು ಕೋಆರ್ಡಿನೇಶನ್ ಸಂಯುಕ್ತಗಳ ಪಾಠ: ಸುತ್ತುವರಿದಿದ್ದ ನೀರಿನ ಅಣುಗಳು ಹೊರಟುಹೋದ ಮೇಲೆ ಡಿ ಕಕ್ಷಕಗಳ ಶಕ್ತಿಮಟ್ಟ ಒಡೆಯುವುದಿಲ್ಲ, ಬಣ್ಣವೂ ಇಲ್ಲ. ಮಲ್ಪೆಯ ದೋಣಿಗಳಿಗೆ ಮಂಜುಗಡ್ಡೆ ಒದಗಿಸುವಂಥ ಐಸ್ ಪ್ಲಾಂಟ್‌ಗಳಲ್ಲಿ ನೀರಿನ ಡಬ್ಬಿಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಸೊನ್ನೆಗಿಂತ ಕೆಳಗೆ ಹೋದರೂ ಉಪ್ಪುನೀರು ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದು ಡಬ್ಬಿಯೊಳಗಿನ ಸಿಹಿನೀರನ್ನು ಗಡ್ಡೆ ಮಾಡುತ್ತದೆ. ಸಮಾನ ಮೋಲಾಲಿಟಿಯ ಗ್ಲೂಕೋಸ್, ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್‌ಗಳಲ್ಲಿ ಯಾವುದರ ಹೆಪ್ಪುಗಟ್ಟುವ ಬಿಂದು ಎಲ್ಲಕ್ಕಿಂತ ಕೆಳಗೆ ಎಂದು ಕೇಳಿದರೆ, ಒಂದರಿಂದ ಒಂದು ಕಣ, ಇನ್ನೊಂದರಿಂದ ಎರಡು, ಮತ್ತೊಂದರಿಂದ ಮೂರು ಎಂದು ಎಣಿಸಿದರೆ ಸಾಕು. ‘ಬರೀ ಪಿಯುಸಿ’ ಓದುವ ಮಕ್ಕಳ ಸುತ್ತ ಇಷ್ಟೊಂದು ರಸಾಯನ ಇರುವಾಗ ಅವರನ್ನು ಬರಿಗೈಯವರು ಎನ್ನುವುದು ನ್ಯಾಯವಲ್ಲ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ರಸ್ತೆಬದಿಯ ಫ್ಲೆಕ್ಸ್‌ಗಳಲ್ಲೇ ಇದೆ. ರ‍್ಯಾಂಕ್ ಬಂದವರ ಭಾವಚಿತ್ರಗಳೆಲ್ಲ ಇಂಟಿಗ್ರೇಟೆಡ್ ಕಾಲೇಜುಗಳದ್ದೇ ಅಲ್ಲವೇ? ಬಹಳಷ್ಟು ಹೌದು. ಆದರೆ ಫ್ಲೆಕ್ಸ್ ಮೇಲಿನ ಹತ್ತು ಮುಖಗಳ ಹಿಂದೆ ಒಟ್ಟು ಎಷ್ಟು ಮಕ್ಕಳು ಕೂತಿದ್ದರು, ಅವರು ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ತಂದಿದ್ದರು ಎಂಬುದು ಆ ಬಟ್ಟೆಯ ಮೇಲಿರುವುದಿಲ್ಲ. ಅತಿ ಹೆಚ್ಚು ಅಂಕದವರನ್ನೇ ಆರಿಸಿ ಸೇರಿಸಿಕೊಂಡಲ್ಲಿ ಅವರು ಮುಂದೆ ಬಂದದ್ದು ಕೋರ್ಸಿನಿಂದಲೋ, ಮೊದಲೇ ಇದ್ದ ಓದಿನಿಂದಲೋ ಎಂದು ಬೇರ್ಪಡಿಸುವುದು ಹೇಗೆ? ಕೇಂದ್ರ ಶಿಕ್ಷಣ ಸಚಿವಾಲಯವೇ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, ರ‍್ಯಾಂಕ್ ಖಾತ್ರಿ ಎಂಬಂಥ ಭರವಸೆ ಕೊಡಬಾರದು ಎಂದಿದೆ. ಮೇಲಾಗಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸುವ ಸಿಇಟಿಯಲ್ಲಿ ಬಹುತೇಕರ ಗುರಿ ಮೊದಲ ಹತ್ತು ರ‍್ಯಾಂಕ್ ಅಲ್ಲ, ಒಂದು ಒಳ್ಳೆಯ ಸರ್ಕಾರಿ ಕೋಟಾದ ಸೀಟು.

ಎರಡನೆಯ ಆಕ್ಷೇಪ ನೀಟ್‌ನದು, ಇದು ಹೆಚ್ಚು ತೂಕದ್ದು. ಇಪ್ಪತ್ತೆರಡು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ ರಸಾಯನ ವಿಜ್ಞಾನದ 45 ಪ್ರಶ್ನೆಗೆ 180 ಅಂಕ. ತಪ್ಪಿಗೆ ಒಂದಂಕ ಕಡಿತ. ಪಠ್ಯಪುಸ್ತಕದಿಂದ ಹೊರಟುಹೋದ ಪಿ ಬ್ಲಾಕ್ ಭಾಗಗಳು ನೀಟ್‌ ಪಠ್ಯಕ್ರಮದಲ್ಲಿ ಉಳಿದಿವೆ, 2024ರಿಂದ ಪ್ರಾಯೋಗಿಕ ರಸಾಯನದ ತತ್ವಗಳೂ ಸೇರಿವೆ. ಹಾಗಾಗಿ ನೀಟ್ ಬರೆಯುವವರಿಗೆ ಹೊಸ ಪುಸ್ತಕವೊಂದೇ ಸಾಲದು ಎಂಬುದು ನಿಜ. ಆದರೆ ಸಾಲದ ಭಾಗ ಯಾವುದು ಎಂದು ನೋಡಿದರೆ ಅದಕ್ಕೂ ದಾರಿ ಹತ್ತಿರದಲ್ಲೇ ಇದೆ: ಪಿ ಬ್ಲಾಕ್ ಪಾಠ ಹಿರಿಯ ವಿದ್ಯಾರ್ಥಿಗಳ ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಾಗೇ ಇದೆ, ಪ್ರಾಯೋಗಿಕ ತತ್ವಗಳು ಎಂದರೆ ಅದೇ ಟೈಟ್ರೇಶನ್, ಅದೇ ಲವಣ ವಿಶ್ಲೇಷಣೆ. ಕಡಿತದ ಅಂಕದ ಭಯಕ್ಕೂ ಸಣ್ಣ ಲೆಕ್ಕ ಸಾಕು. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ, ಉಳಿದೆರಡರಲ್ಲಿ ಊಹಿಸಿದಾಗ ಸರಾಸರಿ ಒಂದೂವರೆ ಅಂಕ ಲಾಭ. ಏನೂ ಗೊತ್ತಿಲ್ಲದೆ ಊಹಿಸಿದರೆ ಸರಾಸರಿ ಕಾಲು ಅಂಕ, ಅದಕ್ಕಾಗಿ ಅಪಾಯಕ್ಕೆ ಕೈ ಹಾಕುವುದು ಬೇಡ. ಐಐಟಿಗೆ ಹೋಗಲು ಬರೆಯುವ ಜೆಇಇ ಅಡ್ವಾನ್ಸ್ಡ್ ಮಾತ್ರ ಈ ವಾದದ ಹೊರಗೆ ನಿಲ್ಲುತ್ತದೆ. ಅಲ್ಲಿ ಪ್ರಶ್ನೆಗಳ ಆಳವೇ ಬೇರೆ, ವಿಶೇಷ ತಯಾರಿ ಬೇಕು. ಆ ಪರೀಕ್ಷೆಗೆ ಬರೆದ ದಪ್ಪ ಪುಸ್ತಕಗಳನ್ನು ಸಿಇಟಿ ಬರೆಯುವ ಎಲ್ಲ ಮಕ್ಕಳ ತಲೆಯ ಮೇಲೆ ಹೊರಿಸುವುದು, ಎನ್‌ಸಿಇಆರ್‌ಟಿಯ ಅಭ್ಯಾಸ ಪ್ರಶ್ನೆಗಳೇ ಪೂರ್ತಿಯಾಗದಿರುವಾಗ, ಅಟ್ಟಕ್ಕೆ ಹಾರದವನನ್ನು ಬೆಟ್ಟಕ್ಕೆ ಹಾರು ಎಂದಂತೆ.

ಮಕ್ಕಳು ತಾವಾಗಿ ಓದುವುದಿಲ್ಲ, ಕೂರಿಸಿ ಓದಿಸುವವರು ಬೇಕು ಎಂಬುದು ಪೋಷಕರ ಕೊನೆಯ ಮಾತು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕೋರ್ಸುಗಳು ನಿಜವಾಗಿ ಕೊಡುವುದು ರಹಸ್ಯ ಜ್ಞಾನವನ್ನಲ್ಲ. ವೇಳಾಪಟ್ಟಿ, ವಾರದ ಪರೀಕ್ಷೆ, ತಪ್ಪಿದ್ದೆಲ್ಲಿ ಎಂದು ತೋರಿಸುವ ಒಬ್ಬ ಮೇಷ್ಟ್ರು. ಇವು ಬೆಲೆಬಾಳುವ ಸಂಗತಿಗಳೇ, ಆದರೆ ಇವಕ್ಕೆ ಲಕ್ಷಗಟ್ಟಲೆ ಬೆಲೆ ಬೇಕಿಲ್ಲ. ಕಾರ್ಕಳದಿಂದ ಉಡುಪಿಗೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು ದಾರಿ. ಕೋಚಿಂಗ್‌ಗೆಂದು ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗ ಕಳೆದುಕೊಳ್ಳುವ ಹೊತ್ತಿನಲ್ಲಿ ಒಂದು ಅಧ್ಯಾಯದ ಅಭ್ಯಾಸ ಮುಗಿಯುತ್ತದೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಸರಿ ಉತ್ತರಗಳು ಪುಕ್ಕಟೆ ಸಿಗುತ್ತವೆ. ಐಐಟಿ ಕಾನ್ಪುರ ನಡೆಸುವ ‘ಸಾಥಿ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯೂ ಉಚಿತ. ಹಳೆಯ ಪತ್ರಿಕೆ ಬಳಸುವಾಗ ಈಗಿಲ್ಲದ ಅಧ್ಯಾಯಗಳ ಪ್ರಶ್ನೆಗಳನ್ನು ಮೊದಲು ಹೊಡೆದುಹಾಕಬೇಕು. ಇಲ್ಲದಿದ್ದರೆ ಓದದ ಪಾಠಕ್ಕೆ ತನ್ನನ್ನೇ ಹಳಿದುಕೊಳ್ಳುವ ಸ್ಥಿತಿ ಬರುತ್ತದೆ. ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟು, ಗೊತ್ತಿಲ್ಲದೆ ತಪ್ಪಿದ್ದು, ಪ್ರಶ್ನೆ ಸರಿಯಾಗಿ ಓದದೆ ತಪ್ಪಿದ್ದು, ಲೆಕ್ಕದಲ್ಲಿ ಕೈತಪ್ಪಿದ್ದು ಎಂದು ಬೇರೆಬೇರೆ ಬರೆದುಕೊಂಡರೆ ಎರಡೇ ತಿಂಗಳಲ್ಲಿ ತನ್ನ ಕಾಯಿಲೆ ತನಗೇ ತಿಳಿಯುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟ ಬೇರೆ ಬಗೆಯದು, ಅದನ್ನು ಕೋಚಿಂಗ್ ಕೂಡ ಬಗೆಹರಿಸುವುದು ಕಡಿಮೆ. ದ್ರಾವ್ಯ, ದ್ರಾವಕ, ಉತ್ಕರ್ಷಣ ಎಂದು ಚೆನ್ನಾಗಿ ತಿಳಿದಿದ್ದ ಹುಡುಗಿ ಜೂನ್‌ನಲ್ಲಿ ಅದೇ ಸಂಗತಿಗಳನ್ನು ಸಾಲ್ಯೂಟ್, ಸಾಲ್ವೆಂಟ್, ಆಕ್ಸಿಡೇಶನ್ ಎಂದು ಕೇಳಿ, ತನಗೆ ಏನೂ ಗೊತ್ತಿಲ್ಲ ಎಂದುಕೊಂಡುಬಿಡುತ್ತಾಳೆ. ಗೊತ್ತಿಲ್ಲದಿರುವುದು ರಸಾಯನವಲ್ಲ, ಹೆಸರುಗಳು. ಇದೇ ಜಿಲ್ಲೆಯ ಕೋಟದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ ಹೊರತಂದು ವಿಜ್ಞಾನ ಕನ್ನಡದಲ್ಲಿ ಮಾತಾಡಬಲ್ಲದು ಎಂದು ತೋರಿಸಿದ ನೆಲದಲ್ಲಿ, ಮೊದಲ ಪಿಯುಸಿಯ ಮೊದಲ ತಿಂಗಳಲ್ಲಿ ಎರಡೂ ಭಾಷೆಯ ಇನ್ನೂರು ಪದಗಳ ಪಟ್ಟಿಯೊಂದನ್ನು ಪ್ರತಿ ಕಾಲೇಜೂ ಮಕ್ಕಳ ಕೈಗೆ ಕೊಡಲು ಏನು ಅಡ್ಡಿ?

ಕಾಲೇಜುಗಳಿಗೂ ಇದರಲ್ಲಿ ಹೊಣೆಯಿದೆ. 2024ರ ಸಿಇಟಿಯಲ್ಲಿ ರಸಾಯನ ವಿಜ್ಞಾನ ಪತ್ರಿಕೆ ಇದ್ದದ್ದು ಎರಡನೇ ದಿನದ ಮಧ್ಯಾಹ್ನ, ಬೆಳಿಗ್ಗೆ ಭೌತವಿಜ್ಞಾನ ಬರೆದು ದಣಿದ ಮೇಲೆ, ಕರಾವಳಿಯ ಏಪ್ರಿಲ್ ಸೆಕೆಯಲ್ಲಿ. ಆ ಹೊತ್ತಿಗೆ ತಲೆ ಓಡುವಂತೆ ಆಗಬೇಕಾದರೆ ಅದೇ ಹೊತ್ತಿನಲ್ಲಿ ಅಭ್ಯಾಸ ಆಗಬೇಕು. ಶನಿವಾರ ಮಧ್ಯಾಹ್ನ ಎರಡೂವರೆಗೆ ಒಂದು ಕೊಠಡಿ, ಅರವತ್ತು ಪ್ರಶ್ನೆಗಳ ಪ್ರತಿಗಳು, ಬಾಲ್ ಪೆನ್ನು, ಒಎಂಆರ್ ಹಾಳೆ, ಎಪ್ಪತ್ತು ನಿಮಿಷಕ್ಕೆ ಸರಿಯಾಗಿ ಬಾರಿಸುವ ಗಂಟೆ. ಆಮೇಲೆ ಒಂದು ಗಂಟೆ, ತಪ್ಪಿದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬಿಡಿಸಲು ಆ ಕಾಲೇಜಿನ ರಸಾಯನ ವಿಜ್ಞಾನದ ಉಪನ್ಯಾಸಕರು. ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಇದಕ್ಕೆ ತಗಲುವ ಖರ್ಚು ಕಾಗದದ್ದು ಮಾತ್ರ.